ನಿಜವೇತನ ಮತ್ತು ದುಡಿಮೆಯ ಗಂಟೆ: ಒಂದು ವಿಮರ್ಶೆ

ಕೈಸೇರುವ ಕೂಲಿಯನ್ನು ಬೆಲೆಸೂಚ್ಯಂಕದಿಂದ ಭಾಗಿಸಿ, ಬಂದುದನ್ನು ನಿಜವೇತನವೆಂದು ಕರೆಯುವುದು ಅರ್ಥಶಾಸ್ತ್ರದ ರೂಢಿ. ಈ ವಿಧಾನವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಉತ್ತರವನ್ನೇ ಕಾರ್ಮಿಕರ ಸ್ಥಿತಿಗತಿಯ ಪೂರ್ಣಚಿತ್ರವೆಂದು ಭಾವಿಸುವುದು ಸರಿಯಲ್ಲ. ಇದಕ್ಕೆ ಬೆಂಗಳೂರಿನ ಉತ್ತರಭಾಗವೇ ತಕ್ಕ ನಿದರ್ಶನ.

1984ರಲ್ಲಿ ಉದ್ಘಾಟನೆಗೊಂಡ ಯಲಹಂಕದ ರೈಲುಗಾಲಿ ಕಾರ್ಖಾನೆಯ ನೌಕರರಿಗೆ ತುಟ್ಟಿಭತ್ಯೆಯು ಮೂಲವೇತನದ ಶೇಕಡಾ ಪ್ರಮಾಣದಲ್ಲಿ, ವರ್ಷಕ್ಕೆ ಎರಡು ಬಾರಿ ಪರಿಷ್ಕೃತವಾಗುತ್ತದೆ. ಯಶವಂತಪುರ, ಪೀಣ್ಯಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಅವರ ಕನಿಷ್ಠ ವೇತನಕ್ಕೆ ಸೇರುವ ಭತ್ಯೆಯಾದರೋ ಸೂಚ್ಯಂಕದ ಒಂದೊಂದು ಅಂಶಕ್ಕೆ ಇಷ್ಟು ಪೈಸೆಯೆಂದು, ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಏರುತ್ತ ಬಂದಿದೆ. ಈ ಎರಡು ಕ್ರಮಗಳ ಅಂತರ ಅಲ್ಪವಾದುದಲ್ಲ. ಉದಾಹರಣೆಗೆ, ಸಹಾಯಕಿಯ ವೇತನ 10,000 ರೂ., ನುರಿತ ಹೊಲಿಗೆಯವಳದು 13,000 ರೂ. ಎಂದಿಟ್ಟುಕೊಳ್ಳೋಣ. ಬೆಲೆಗಳು ಶೇ. 5ರಷ್ಟು ಏರಿ, ಇಬ್ಬರಿಗೂ 500 ರೂ. ಸಮನಾಗಿ ದೊರೆತರೆ ಮೊದಲನೆಯವಳ ನಷ್ಟ ಭರ್ತಿಯಾಗುತ್ತದೆ. ಎರಡನೆಯವಳಿಗೆ ತಿಂಗಳಿಗೆ 150 ರೂ. ಕೊರತೆ ಉಳಿಯುತ್ತದೆ. ಹೀಗೆ ಕುಶಲತೆಯ ಬೆಲೆ ವರ್ಷ ವರ್ಷವೂ ಸದ್ದಿಲ್ಲದೆ ಸವೆಯುತ್ತದೆ.

2020ರ ವರ್ಷ ಈ ಎರಡೂ ಕ್ರಮಗಳ ದೌರ್ಬಲ್ಯವನ್ನು ಬಯಲಿಗೆ ತಂದಿತು. ಕೇಂದ್ರದ ನೌಕರರ ಮೂರು ಕಂತುಗಳು ತಡೆಹಿಡಿಯಲ್ಪಟ್ಟವು. 2021ರ ಜುಲೈನಲ್ಲಿ ಶೇಕಡಾ ಪ್ರಮಾಣ ಮರಳಿ ಏರಿತಾದರೂ 18 ತಿಂಗಳ ಬಾಕಿ ಸಂದಾಯವಾಗಲಿಲ್ಲ. ರಾಜ್ಯಸರ್ಕಾರವು 2020ರ ಜುಲೈನಲ್ಲಿ, ಆ ಏಪ್ರಿಲ್‌ನಿಂದಲೇ ಸಲ್ಲಬೇಕಾಗಿದ್ದ ತಿಂಗಳಿಗೆ ಸುಮಾರು 417 ರೂ. ಭತ್ಯೆಯನ್ನು ಮುಂದೂಡಿತು; ಸೆಪ್ಟೆಂಬರ್‌ನಲ್ಲಿ ಉಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆ ನೀಡಿತು. ಅದಕ್ಕೆ ಮುನ್ನವೇ ಮೇ 22ರ ಅಧಿಸೂಚನೆಯು ದುಡಿಮೆಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗಳವರೆಗೆ ಹಿಗ್ಗಿಸಿ, ಜೂನ್ 11ರಂದು ಹಿಂತೆಗೆಯಲ್ಪಟ್ಟಿತ್ತು. ಕೂಲಿಯನ್ನು ತಡೆಯುವುದೂ ಗಂಟೆಯನ್ನು ಹಿಗ್ಗಿಸುವುದೂ ಒಂದೇ ನಾಣ್ಯದ ಎರಡು ಮುಖಗಳೆಂಬುದನ್ನು ಸೂಚ್ಯಂಕದ ಕೋಷ್ಟಕ ತೋರಿಸಲಾರದು.

2023ರ ರಾಜ್ಯ ತಿದ್ದುಪಡಿಯಲ್ಲಿ ಈ ಸಂಗತಿ ಮತ್ತಷ್ಟು ಸ್ಪಷ್ಟವಾಗುತ್ತದೆ. ವಾರದ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡೇ ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಒಯ್ಯಲು ಅದು ಅವಕಾಶವಿತ್ತಿತು. ಮೂರು ತಿಂಗಳಿಗೆ 75 ಗಂಟೆಗಳಿದ್ದ ಹೆಚ್ಚುವರಿ ದುಡಿಮೆಯ ಮಿತಿಯನ್ನು ಸುಮಾರು ಇಮ್ಮಡಿಗೊಳಿಸಿತು. ಹಳೆಯ ಮಿತಿಯನ್ನೇ ಗಣನೆಗೆ ತೆಗೆದುಕೊಳ್ಳೋಣ. ಗಂಟೆಗೆ 50 ರೂ.ಗಳಂತೆ 208 ಗಂಟೆ ದುಡಿದವಳಿಗೆ ತಿಂಗಳಿಗೆ 10,400 ರೂ.; ಇನ್ನೂ 25 ಗಂಟೆ ದ್ವಿಗುಣ ದರದಲ್ಲಿ ದುಡಿದರೆ 12,900 ರೂ. ಮೂಲದರ ಒಂದು ಪೈಸೆಯೂ ಏರದೆ ಆದಾಯ ಶೇ. 24ರಷ್ಟು ಏರಿತು. ಗಂಟೆಗಳನ್ನು ಎಣಿಸದ ಅಧ್ಯಯನ ಇದನ್ನು ವೇತನವೃದ್ಧಿಯೆಂದೇ ದಾಖಲಿಸೀತು.

2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ ಕಾರ್ಖಾನೆಗಳ ಅಧಿನಿಯಮ, ಕನಿಷ್ಠ ವೇತನಗಳ ಅಧಿನಿಯಮಗಳ ಸ್ಥಾನವನ್ನು ಪಡೆದುವು. ಕಾನೂನು ಬದಲಾದರೂ ಮೇಲಿನ ಪ್ರಶ್ನೆ ಬದಲಾಗಿಲ್ಲ. ಆದುದರಿಂದ ಮುಂದಿನ ಅಧ್ಯಯನಗಳು ಕೂಲಿ, ಬೆಲೆ, ಗಂಟೆ ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಇರಿಸಬೇಕೆಂಬುದು ನಮ್ಮ ಅಭಿಪ್ರಾಯ. ತಡವಾಗಿ ಬಂದ ರೂಪಾಯಿಯನ್ನು ಬಾಕಿಯೆಂದು ಕೇಳಬಹುದು. ಕಳೆದ ಗಂಟೆಗೆ ಬಾಕಿಯ ಲೆಕ್ಕವಿಲ್ಲ.