ಸ್ಕೇಲಿಗಿಂತ ಮೊದಲು ಗಂಜಿ

ಕ್ವಿಲ್ಟಿಂಗ್ ಕಲಿಯೋಕೆ ಕೂತವರಿಗೆ ಮೊದಲ ವಾರದಲ್ಲೇ ಎದುರಾಗುವ ಆಕಾರ ಒಂದಿದೆ. ಎರಡು ಬಣ್ಣದ ತ್ರಿಕೋನಗಳು ಕರ್ಣದಲ್ಲಿ ಸೇರಿ ಆದ ಚೌಕ. ಅಮೆರಿಕದ ಕ್ವಿಲ್ಟರ್‌ಗಳು ಇದನ್ನು ಹಾಫ್ ಸ್ಕ್ವೇರ್ ಟ್ರಯಾಂಗಲ್ ಅಂತಾರೆ, ಚುಟುಕಾಗಿ ಎಚ್‌ಎಸ್‌ಟಿ. ನಾಲ್ಕನ್ನು ತಿರುಗಿಸಿ ಜೋಡಿಸಿದರೆ ಗಿರಗಿಟ್ಲೆ, ಸಾಲಾಗಿ ಇಟ್ಟರೆ ಗರಗಸದ ಹಲ್ಲು. ಇಷ್ಟು ಸಣ್ಣ ಆಕಾರಕ್ಕೆ ಮಾರಾಟಕ್ಕಿರುವ ಸಾಮಾನು ನೋಡಿ: ತ್ರಿಕೋನದ ಸ್ಕೇಲು, ಗೆರೆ ಮುದ್ರಿಸಿದ ಕಾಗದದ ರೋಲು, ಹೊಲಿಗೆಯ ಉಬ್ಬಿನ ಮೇಲೆ ಕೂರಲಿ ಅಂತ ಅಡಿಯಲ್ಲಿ ಕಚ್ಚು ಕೊರೆದ ಅಕ್ರಿಲಿಕ್ ಸ್ಕೇಲು. ಇವನ್ನೆಲ್ಲ ಅಳೆಯುವುದು ಎರಡೇ ಮಾತಿನಲ್ಲಿ. ಎಷ್ಟು ಬೇಗ, ಎಷ್ಟು ಕರಾರುವಾಕ್ಕು.

ನನ್ನ ತಕರಾರು ಇಷ್ಟೆ. ಈ ಎರಡು ಪ್ರಶ್ನೆಗೂ ಮೊದಲು ಕೇಳಬೇಕಾದ್ದು ಒಂದಿದೆ: ಬಟ್ಟೆ ಯಾವುದು?

ನನ್ನ ಹತ್ತಿರ ಇದ್ದದ್ದು ಅಜ್ಜಿಯ ನೀಲಿ ಹತ್ತಿ ಸೀರೆ ಮತ್ತು ಅಜ್ಜನ ಒಂದು ಧೋತ್ರ. ಅಕ್ಕನ ಮಗುವಿಗೆ 36 ಇಂಚಿನ ಪುಟ್ಟ ಕ್ವಿಲ್ಟ್ ಮಾಡೋಣ ಅಂತ. ಸೀರೆ ಉದ್ದ ಇದ್ದೇ ಇರುತ್ತೆ, ಆದರೆ ಸವೆಯದೆ ಉಳಿದಿದ್ದು ಹೆಚ್ಚುಕಮ್ಮಿ ಒಂದು ಮೀಟರ್. ಅಜ್ಜಿ ಇಲ್ಲ, ಅಂಥ ಇನ್ನೊಂದು ಸೀರೆಯೂ ಇಲ್ಲ. ಬೇಕಾದದ್ದು 36 ಗಿರಗಿಟ್ಲೆ, ಅಂದರೆ 144 ಎಚ್‌ಎಸ್‌ಟಿ. ಶನಿವಾರ ಒಂದರಲ್ಲೇ ಮುಗಿಸಬೇಕು ಅನ್ನೋ ಆಫೀಸಿನ ಬುದ್ಧಿ ನನ್ನದು. ಹಾಗಾಗಿ ಒಂದೇ ಸಲಕ್ಕೆ ನಾಲ್ಕು ಬರುವ ವಿಧಾನ ಹಿಡಿದೆ.

ಅದು ನೋಡೋಕೆ ಜಾದೂ ಥರ ಇದೆ. ಐದೂವರೆ ಇಂಚಿನ ಎರಡು ಚೌಕ ಒಂದರ ಮೇಲೊಂದು ಇಟ್ಟು, ನಾಲ್ಕೂ ಅಂಚಿಗೆ ಕಾಲು ಇಂಚು ಬಿಟ್ಟು ಹೊಲಿಯಬೇಕು. ಆಮೇಲೆ ಎರಡೂ ಕರ್ಣದಲ್ಲಿ ಕತ್ತರಿಸಿ ಬಿಡಿಸಿದರೆ ಮೂರೂವರೆ ಇಂಚಿನ ನಾಲ್ಕು ತುಂಡು ರೆಡಿ. ಅರ್ಧ ಗಂಟೆಯಲ್ಲಿ 24 ಆದವು. ಇಸ್ತ್ರಿ ಮಾಡಿ ಮೇಜಿನ ಮೇಲೆ ಜೋಡಿಸಿ ನೋಡಿದರೆ ಒಂದೂ ಚೌಕವಾಗಿಲ್ಲ. ಕೆಲವು ಮೂರೂಮುಕ್ಕಾಲು, ಕೆಲವು ಪತಂಗದ ಆಕಾರ, ಅಂಚುಗಳು ಹಪ್ಪಳದ ಹಾಗೆ ಅಲೆ ಅಲೆ.

ಕಾರಣ ಯಾವ ಟೇಲರನ್ನು ಕೇಳಿದರೂ ಒಂದೇ ಪದದಲ್ಲಿ ಹೇಳ್ತಾನೆ: ಕ್ರಾಸ್. ಬಟ್ಟೆಯನ್ನು ಹಾಸಿನ ಗುಂಟ ಅಥವಾ ಹೊಕ್ಕಿನ ಗುಂಟ ಎಳೆದರೆ ಅಷ್ಟಾಗಿ ಜಗ್ಗುವುದಿಲ್ಲ. ಕರ್ಣದ ದಿಕ್ಕಿನಲ್ಲಿ ಎಳೆದರೆ ಹಿಗ್ಗುತ್ತದೆ. ನಾಲ್ಕರ ವಿಧಾನದಲ್ಲಿ ಕರ್ಣದಲ್ಲಿ ಕತ್ತರಿಸಿದ ಅಂಚುಗಳೇ ತುಂಡಿನ ನಾಲ್ಕೂ ಹೊರಗಿನ ಅಂಚುಗಳಾಗುತ್ತವೆ. ವರ್ಷಗಟ್ಟಲೆ ಒಗೆದು ಮೆತ್ತಗಾದ ಸೀರೆಗೆ ಇದು ಆಗಿಬರುವ ಮಾತೇ ಅಲ್ಲ.

ಬಟ್ಟೆ ಉಳಿಯುತ್ತೆ ಅಂತಾದರೂ ಇದನ್ನು ಮಾಡಬೇಕಾ? ಲೆಕ್ಕ ಹಾಕಿದೆ. ಎರಡು ಬರುವ ವಿಧಾನದಲ್ಲಿ ಮುಗಿದ ಅಳತೆಗೆ ಒಂದು ಇಂಚಿನ ಎಂಟನೇ ಏಳು ಭಾಗ ಸೇರಿಸಿ ಚೌಕ ಕತ್ತರಿಸುತ್ತಾರೆ. ಒಂದು ಕರ್ಣ ಎಳೆದು ಅದರ ಎರಡೂ ಬದಿಗೆ ಹೊಲಿದು, ನಡುವೆ ಕತ್ತರಿಸುತ್ತಾರೆ. ಎಂಟು ಬರುವ ವಿಧಾನದಲ್ಲಿ ಇದರ ಎರಡರಷ್ಟು ಅಳತೆಯ ಚೌಕ, ಎರಡು ಕರ್ಣ. ಮೂರು ಇಂಚಿನ ಎಚ್‌ಎಸ್‌ಟಿಗೆ ಮೂರೂ ವಿಧಾನದಲ್ಲಿ ತಗಲುವ ಬಟ್ಟೆ ತುಂಡಿಗೆ ಸುಮಾರು 15 ಚದರ ಇಂಚೇ. ಉಳಿತಾಯ ಅನ್ನುವುದು ಇಲ್ಲ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಎರಡರಲ್ಲೂ ಎಂಟರಲ್ಲೂ ಹೊರ ಅಂಚುಗಳು ಹಾಸು-ಹೊಕ್ಕಿನ ನೇರಕ್ಕೇ ಇರುತ್ತವೆ. ಕ್ರಾಸ್ ಇರುವುದು ನಡುವಿನ ಹೊಲಿಗೆಯಲ್ಲಿ ಮಾತ್ರ, ಅದನ್ನೂ ಕತ್ತರಿಸುವ ಮೊದಲೇ ಹೊಲಿದು ಬಿಗಿ ಮಾಡಿರುತ್ತೇವೆ.

ಅಂದಹಾಗೆ ಆ ಎಂಟನೇ ಏಳು ಕೂಡ ದೇವರ ವಾಕ್ಯ ಅಲ್ಲ. ಹೈಸ್ಕೂಲ್ ಗಣಿತ ಮಾಡಿದರೆ ಬರುವ ಉತ್ತರ 0.854, ಎಂಟನೇ ಏಳು ಅಂದರೆ 0.875. ಟೇಪಿನಲ್ಲಿ ಗುರುತು ಇರಲಿ ಅಂತ ಸ್ವಲ್ಪ ಮೇಲಕ್ಕೆ ತಂದದ್ದು. ಕರಾರುವಾಕ್ಕು ಅಂತ ಮೈಮರೆಯುವವರು ಇದನ್ನು ನೆನಪಿಡಬೇಕು.

ಇಷ್ಟು ತಿಳಿಯುವ ಮೊದಲೇ ನಾನು ಆ ಕಚ್ಚಿನ ಸ್ಕೇಲು ತರಿಸಿಬಿಟ್ಟಿದ್ದೆ. ವಾರದ ದಿನಸಿಯ ದುಡ್ಡು ಹೋಯ್ತು. ಸುಳ್ಳು ಹೇಳಬಾರದು, ಅದು ಒಳ್ಳೆ ಸಾಧನ. ಹೊಲಿಗೆಯ ಉಬ್ಬಿಗೆ ಸಿಕ್ಕಿಕೊಂಡು ಅಲುಗಾಡದೆ ಕೂರುತ್ತೆ, ಸುತ್ತ ರೋಟರಿ ಕಟರ್ ಎಳೆದರೆ ತುಂಡು ಮೂರೂವರೆಗೆ ಬಂದು ನಿಲ್ಲುತ್ತೆ. ಓಲ್ಫಾ ಕಂಪನಿ 1979ರಲ್ಲಿ ತಂದ ಆ ಗಾಲಿ ಕತ್ತಿ ಇಲ್ಲದಿದ್ದರೆ ಇಂಥ ಸ್ಕೇಲಿಗೆ ಅರ್ಥವೂ ಇರುತ್ತಿರಲಿಲ್ಲ. ಆದರೆ ಸ್ಕೇಲು ಸರಿಮಾಡಿದ್ದು ಅಳತೆಯನ್ನು ಮಾತ್ರ. ಟ್ರಿಮ್ ಮಾಡಿದ ಅಂಚು ಆಗಲೂ ಕ್ರಾಸೇ. ನಾಲ್ಕು ತುಂಡು ಜೋಡಿಸಿ ಹೊಲಿಯುವಾಗ ಅದು ಮತ್ತೆ ಹಿಗ್ಗಿತು. ಕಸದ ಬುಟ್ಟಿಯಲ್ಲಿ ಅಜ್ಜಿಯ ನೀಲಿ ಎಳೆಗಳು ಬಿದ್ದಿದ್ದವು. ಆವತ್ತು ಮಿಷಿನ್ ಮುಚ್ಚಿಟ್ಟು ಅವ್ವನಿಗೆ ಫೋನ್ ಮಾಡಿದೆ.

ನಮ್ಮವ್ವ ಹುಬ್ಬಳ್ಳಿಯಲ್ಲಿ ಕೌದಿ ಹೊಲಿದವಳು. ಕ್ವಿಲ್ಟು, ಎಚ್‌ಎಸ್‌ಟಿ ಗೊತ್ತಿಲ್ಲ. ಪೂರ್ತಿ ಕೇಳಿ ಒಂದೇ ಮಾತು ಅಂದಳು: "ಹಳೇ ಅರಿವಿ ಅದು. ಗಂಜಿ ಹಾಕೀ ಇಲ್ಲವಾ?"

ಹಾಕಿರಲಿಲ್ಲ. ಉಳಿದ ಸೀರೆ, ಧೋತ್ರ ಎರಡನ್ನೂ ಅನ್ನದ ಗಂಜಿಯಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಇಸ್ತ್ರಿಯನ್ನು ಉಜ್ಜದೆ ಒತ್ತಿ ಒತ್ತಿ ತೆಗೆದೆ. ಬಟ್ಟೆ ಕಾಗದದ ಹಾಗೆ ನಿಂತಿತು. ಎರಡರ ವಿಧಾನದಲ್ಲಿ ಮೂರು ಇಂಚು ಮತ್ತು ಎಂಟನೇ ಏಳರ ಚೌಕ ಕತ್ತರಿಸಿ ಹೊಲಿದೆ. ಬಂದ ತುಂಡುಗಳಿಗೆ ಸ್ಕೇಲಿನ ಕೆಲಸ ಹೆಚ್ಚುಕಮ್ಮಿ ಕಿವಿ ಕತ್ತರಿಸುವುದಷ್ಟೇ ಆಗಿತ್ತು. ವಿದೇಶದ ಕ್ವಿಲ್ಟರ್‌ಗಳೂ ಸ್ಟಾರ್ಚ್ ಸ್ಪ್ರೇ ಹೊಡೆಯುತ್ತಾರೆ. ಆದರೆ ಸಾಮಾನಿನ ಪಟ್ಟಿಯಲ್ಲಿ ಅದು ಕೊನೆಗೆ ಬರುತ್ತೆ, ಸ್ಕೇಲು ಮೊದಲು. ನನ್ನ ಪ್ರಕಾರ ಪಟ್ಟಿ ತಲೆಕೆಳಗಾಗಿದೆ.

ಕತ್ತರಿಸದೆಯೇ ತ್ರಿಕೋನ ಮಾಡುವವರು ನಮ್ಮಲ್ಲೇ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಗೆ ಕವಂದ್ ಅಂತಾರೆ. ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹಳೆ ಬಟ್ಟೆಯ ತುಂಡುಗಳನ್ನು ಕೈಯಲ್ಲೇ ಹೊಲಿಯುತ್ತ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿ ಮಾಡಿದ ತ್ರಿಕೋನಗಳನ್ನು ಕೂರಿಸುತ್ತಾರೆ, ಅದರ ಹೆಸರು ಫೂಲ. ಅದು ಎಚ್‌ಎಸ್‌ಟಿ ಅಲ್ಲ, ಹೋಲಿಸಿ ಅಂಕ ಕೊಡುವುದೂ ತಪ್ಪು. ಆದರೂ ಮಡಿಕೆಯಿಂದ ಹುಟ್ಟಿದ ತ್ರಿಕೋನದಲ್ಲಿ ಕ್ರಾಸಿಗೆ ಕತ್ತರಿ ತಗಲುವುದಿಲ್ಲ, ಎಳೆ ಬಿಚ್ಚುವುದಿಲ್ಲ. ಹಳೆ ಬಟ್ಟೆಯನ್ನೇ ನಂಬಿದ ಕೈಗಳ ವಿಧಾನ ಅದು.

ನೀವು ಅಂಗಡಿಯ ಹೊಸ ಕಾಟನ್‌ನಲ್ಲಿ ನೂರಾರು ತುಂಡು ಮಾಡುವವರಾದರೆ ಎಂಟರ ವಿಧಾನ ಹಿಡಿಯಿರಿ, ಸ್ಕೇಲೂ ತಗೊಳ್ಳಿ, ಸಮಯ ಉಳಿಯುತ್ತೆ. ಮನೆಯವರ ಬಟ್ಟೆ ಕೈಯಲ್ಲಿದ್ದರೆ ಎರಡರ ವಿಧಾನ, ಮೊದಲು ಗಂಜಿ. ನಾಲ್ಕರದ್ದನ್ನು ಎರಡೂ ಕಡೆ ನಾನು ಒಪ್ಪುವುದಿಲ್ಲ.

ಕೆಟ್ಟುಹೋದ 24 ತುಂಡುಗಳನ್ನು ಎಸೆಯಲಿಲ್ಲ. ಅವ್ವ ಬಂದಾಗ ಕ್ವಿಲ್ಟಿನ ಹಿಂಭಾಗಕ್ಕೆ ಸಾಲಾಗಿ ಇಟ್ಟು, ಸುಕ್ಕಿನ ಸಮೇತ ಕೈಯಲ್ಲಿ ಹೊಲಿದು ಹೋದಳು. ಮಗು ಮುಖ ಒತ್ತುವುದು ಆ ಬದಿಗೇ.