'ಎವಾಂಜೆಲಿನ್' ಕಾವ್ಯವೂ ಮಕ್ಕಳ ಇತಿಹಾಸಪಾಠವೂ

ಉತ್ತರ ಅಮೆರಿಕದಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ನಡೆದ ನೆಲದ ಪೈಪೋಟಿಯನ್ನು ಮಕ್ಕಳಿಗೆ ಬೋಧಿಸುವಾಗ ಲಾಂಗ್‌ಫೆಲೋ ಕವಿಯ 'ಎವಾಂಜೆಲಿನ್' ಕಾವ್ಯವನ್ನು (೧೮೪೭) ಓದಿಸುವ ಪದ್ಧತಿಯು ಅಲ್ಲಿನ ಶಾಲೆಗಳಲ್ಲಿ ಬಹುಕಾಲ ನಡೆದುಬಂದಿತು. ಸಂಧಿಪತ್ರಗಳ ತಾರೀಖುಗಳನ್ನು ಉರುಹೊಡೆದು ದಣಿದ ಬಾಲಕನಿಗೆ, ಮದುವೆ ನಿಶ್ಚಯವಾಗಿ ಕೆಲವೇ ದಿನಗಳಲ್ಲಿ ವರನಿಂದ ಅಗಲಿದ ಕನ್ಯೆಯ ಕಥೆಯು ಹೃದಯಕ್ಕೆ ನಾಟುವುದು ಸಹಜವೇ. ಕವಿಯ ಕರುಣರಸವು ನಿಜವಾದುದು, ಅದನ್ನು ಹಳಿಯುವಂತಿಲ್ಲ.

ಆದರೆ ಕರುಣವು ಕಾರಣವನ್ನು ನುಂಗಿದೆ. ೧೭೧೩ರ ಉಟ್ರೆಕ್ಟ್ ಸಂಧಿಯಿಂದ ಅಕಾಡಿಯವು ಇಂಗ್ಲಿಷರ ವಶವಾದುದು, ಅಲ್ಲಿನ ಫ್ರೆಂಚ್ ರೈತರು ಫ್ರಾನ್ಸಿನ ಮೇಲೆ ಆಯುಧವೆತ್ತಬೇಕಾದೀತೆಂದು ಅಂಜಿ ನಿರುಪಾಧಿಕವಾದ ರಾಜನಿಷ್ಠೆಯ ಪ್ರಮಾಣಕ್ಕೆ ಒಪ್ಪದೆಹೋದುದು, ಇವು ಕಾವ್ಯದಿಂದ ಸ್ಪಷ್ಟವಾಗಿ ತಿಳಿಯವು. ರಾಜಾಜ್ಞೆಯು ಸಿಡಿಲಿನಂತೆ ಎರಗುತ್ತದೆ, ಅಷ್ಟೆ. ೧೭೫೫ರ ಸೆಪ್ಟೆಂಬರ್ ೫ರಂದು ಗ್ರಾನ್‌ಪ್ರೆಯ ಇಗರ್ಜಿಯಲ್ಲಿ ೪೧೮ ಮಂದಿ ಗಂಡಸರನ್ನೂ ಹುಡುಗರನ್ನೂ ಕೂಡಿಹಾಕಿ ಆಜ್ಞೆಯನ್ನು ಓದಿಸಿದ ಜಾನ್ ವಿನ್‌ಸ್ಲೋ ಮ್ಯಾಸಚೂಸೆಟ್ಸಿನವನು. ಅವನ ಸೈನಿಕರಲ್ಲಿ ಹೆಚ್ಚಿನವರೂ ಆ ಪ್ರಾಂತದವರೇ. ಕವಿಯ ಮನೆಯೂ ಅಲ್ಲಿಯೇ! ದೋಷವೆಲ್ಲ ದೂರದ ರಾಜನ ತಲೆಗೆ. ನೆರೆಯವರ ಕೈಗೆ ಮಸಿಯಿಲ್ಲ. ೧೭೬೦ರಿಂದ ಆ ಹೊಲಗಳಿಗೆ ಬಂದು ನೆಲೆಸಿದವರೂ ನ್ಯೂ ಇಂಗ್ಲೆಂಡಿನವರೇ.

ರೈತರು ಕಡಲಿಗೆ ಒಡ್ಡು ಕಟ್ಟಿ ಉಪ್ಪುಜೌಗನ್ನು ಬೆಳೆಯ ನೆಲವನ್ನಾಗಿ ಮಾಡಿದುದನ್ನು ಕವಿಯು ಮರೆತಿಲ್ಲ. ಅದಕ್ಕೂ ಮೊದಲು ಆ ತೀರವು ಮಿಕ್ಮಾಕರದಾಗಿತ್ತೆಂಬುದನ್ನು ಮಾತ್ರ ಉಪಾಧ್ಯಾಯನೇ ಹೇಳಬೇಕು. ಕಾವ್ಯವನ್ನು ಓದಿಸಲಿ, ಜೊತೆಗೆ ವಿನ್‌ಸ್ಲೋ ಬರೆದಿಟ್ಟ ದಿನಚರಿಯ ಒಂದೆರಡು ಪುಟಗಳನ್ನೂ ಓದಿಸಲಿ. ಆ ಕೆಲಸವು ತನ್ನ ಸ್ವಭಾವಕ್ಕೆ ಒಗ್ಗದುದೆಂದು ಅವನೇ ಅಲ್ಲಿ ಒಪ್ಪಿಕೊಂಡಿದ್ದಾನೆ.