ಟಿಬಿರಿನ್ನಿನ ಸಂನ್ಯಾಸಿಗಳು: ಒಂದು ಚಲನಚಿತ್ರದ ಪರಾಮರ್ಶೆ

ಅಲ್ಜೀರಿಯಾದ ಮೆದೆಯಾ ಪಟ್ಟಣದ ಸಮೀಪ ಗುಡ್ಡಗಳ ನಡುವೆ ಇರುವ ಟಿಬಿರಿನ್ ಎಂಬ ಹಳ್ಳಿಯ ಟ್ರಾಪಿಸ್ಟ್ ಮಠದಿಂದ 1996ರ ಮಾರ್ಚ್ 26-27ರ ರಾತ್ರಿ ಏಳು ಮಂದಿ ಫ್ರೆಂಚ್ ಸಂನ್ಯಾಸಿಗಳು ಅಪಹೃತರಾದರು. ಮೇ 30ರಂದು ದೊರೆತವು ಅವರ ರುಂಡಗಳು ಮಾತ್ರ. ಈ ವೃತ್ತಾಂತವನ್ನು ಆಧರಿಸಿ ಝಾವಿಯೆ ಬೋವ್ವಾ ಎಂಬವರು ನಿರ್ದೇಶಿಸಿದ ‘ಆಫ್ ಗಾಡ್ಸ್ ಅಂಡ್ ಮೆನ್’ ಚಿತ್ರಕ್ಕೆ 2010ರ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರೀ ಪ್ರಶಸ್ತಿ ಲಭಿಸಿತು. ಅದರ ಕಲಾಗುಣದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಸಂನ್ಯಾಸಿಗಳು ಅಲ್ಲಿಯೇ ಉಳಿದುದಕ್ಕೆ ಚಿತ್ರವು ಕೊಡುವ ಕಾರಣ ಇತಿಹಾಸಕ್ಕೆ ಸಾಲುವುದೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

1992ರ ಜನವರಿಯಲ್ಲಿ ಚುನಾವಣೆ ರದ್ದಾದ ಮೇಲೆ ಅಲ್ಜೀರಿಯಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. 1993ರ ಡಿಸೆಂಬರ್ 14ರಂದು ಮಠದ ನೆರೆಯಲ್ಲಿಯೇ ಹನ್ನೆರಡು ಮಂದಿ ಕ್ರೊಯೇಷಿಯನ್ ಕೆಲಸಗಾರರು ಹತರಾದರು. ಹತ್ತು ದಿನಗಳ ತರುವಾಯ, ಕ್ರಿಸ್ಮಸ್ಸಿನ ಹಿಂದಿನ ರಾತ್ರಿ, ಸಶಸ್ತ್ರ ತಂಡವೊಂದು ಮಠಕ್ಕೆ ಬಂದು ವೈದ್ಯನನ್ನು ಕಳುಹಿಸಿಕೊಡುವಂತೆ ಕೇಳಿತು. ಮಠಾಧಿಪತಿ ಕ್ರಿಸ್ತಿಯಾನ್ ದ ಶೆರ್ಜೆ ಅದಕ್ಕೆ ಒಪ್ಪಲಿಲ್ಲ; ಗಾಯಗೊಂಡವರು ಉಳಿದೆಲ್ಲರಂತೆ ಔಷಧಾಲಯಕ್ಕೇ ಬರಬಹುದೆಂದರು. ಅಲ್ಲಿಂದ ಮುಂದೆ ಚಿತ್ರದ ಭಾರವೆಲ್ಲ ‘ಹೋಗುವುದೋ, ಉಳಿಯುವುದೋ’ ಎಂಬ ಮಠದೊಳಗಿನ ಚರ್ಚೆಯ ಮೇಲೆ ಬೀಳುತ್ತದೆ. ಭಯವನ್ನು ಮರೆಮಾಚದ ಆ ದೃಶ್ಯಗಳು ಮನಮುಟ್ಟುವಂತಿವೆ, ನಿಜ. ಆದರೂ ಉಳಿಯುವ ನಿರ್ಧಾರವು ಕೇವಲ ಆತ್ಮಶೋಧನೆಯ ಫಲವೆಂಬ ಭಾವನೆ ನೋಡುವವನಲ್ಲಿ ನಿಲ್ಲುತ್ತದೆ.

ವೈದ್ಯ ಲ್ಯೂಕನ ಜೀವನ ಬೇರೊಂದು ಕಥೆಯನ್ನು ಹೇಳುತ್ತದೆ. ಆತ ಅಲ್ಜೀರಿಯಾಕ್ಕೆ ಬಂದುದು 1946ರಲ್ಲಿ. ಆಗ ಆ ದೇಶ ಫ್ರೆಂಚರ ಅಧೀನದಲ್ಲಿತ್ತು. ಸ್ವಾತಂತ್ರ್ಯಯುದ್ಧದ ಕಾಲದಲ್ಲಿ, 1959ರಲ್ಲಿ, ಹೋರಾಟಗಾರರು ಆತನನ್ನು ಸೆರೆಹಿಡಿದು ಕೆಲವು ದಿನಗಳ ಬಳಿಕ ಬಿಟ್ಟರು. ಆಳುವ ಜನಾಂಗಕ್ಕೆ ಸೇರಿದವನೊಬ್ಬ ಹೀಗೆ ಸೆರೆಯಾಗಿಯೂ ಹಿಂದಿರುಗಿ ಅದೇ ಹಳ್ಳಿಯ ರೋಗಿಗಳ ಮುಂದೆ ಕುಳಿತನಷ್ಟೆ! 1993ರಲ್ಲಿ ಆದುದು ಹೊಸ ನಿರ್ಧಾರವಲ್ಲ, ಹಳೆಯದರ ಪುನರುಕ್ತಿ. ಇದಕ್ಕೆ ಚಿತ್ರದಲ್ಲಿ ಒಂದು ದೃಶ್ಯವೂ ಇಲ್ಲ. ಹೋಗಬೇಡಿರೆಂಬ ಹಳ್ಳಿಗರ ಮಾತು ಕೂಡ ಒಮ್ಮೆ ಬಂದು ಮರೆಯಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮಠಕ್ಕೆ ಅಷ್ಟುಕಾಲ ರಕ್ಷೆಯಾಗಿದ್ದುದು ಆ ನೆರೆಹೊರೆಯೇ.

ಎರಡು ಪಕ್ಷದವರನ್ನೂ ಶುಶ್ರೂಷೆ ಮಾಡುವವನು ಇಬ್ಬರಿಗೂ ಶಂಕಾಸ್ಪದನಾಗುತ್ತಾನೆ. ಸೈನ್ಯದ ಅಸಮಾಧಾನವನ್ನು ಚಿತ್ರ ಮುಚ್ಚಿಟ್ಟಿಲ್ಲ. ಕೊಂದವರಾರೆಂಬುದನ್ನು ತೀರ್ಮಾನಿಸಲು ಹೋಗದಿರುವುದೂ ಮೆಚ್ಚತಕ್ಕದ್ದು: ಹೊಣೆಯನ್ನು ಜಿ.ಐ.ಎ. ಎಂಬ ಸಶಸ್ತ್ರ ಗುಂಪು ಹೊತ್ತುಕೊಂಡಿತ್ತಾದರೂ, 2009ರಲ್ಲಿ ನಿವೃತ್ತ ಫ್ರೆಂಚ್ ಸೇನಾಧಿಕಾರಿಯೊಬ್ಬರ ಸಾಕ್ಷ್ಯವು ಅಲ್ಜೀರಿಯಾದ ಸೈನ್ಯದ ಕಡೆಗೂ ಬೆರಳು ತೋರಿತು. ಸಂನ್ಯಾಸಿಗಳು ಹಿಮದ ಮಬ್ಬಿನಲ್ಲಿ ಕರಗಿಹೋಗುವಲ್ಲಿಗೆ ಚಿತ್ರ ಮುಗಿಯುತ್ತದೆ. 1996ರ ಜೂನ್ 4ರಂದು ಮಠದ ಆವರಣದಲ್ಲಿ ಅವರನ್ನು ಮಣ್ಣುಮಾಡಿದಾಗ ಹಳ್ಳಿಯ ಮುಸಲ್ಮಾನರು ಅಲ್ಲಿ ನೆರೆದಿದ್ದರು. ಅಲ್ಲಿಯವರೆಗೆ ಚಿತ್ರ ಬರುವುದಿಲ್ಲ.